ಮೊದಲು ಐದು ಗುಂಟೆ: ತಂಡದಲ್ಲಿ ಹೊಸತನ ಬೆಳೆಸಲು ನಾಯಕರಿಗೊಂದು ಮಾರ್ಗದರ್ಶಿ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಮಂಡ್ಯದ ಬಯಲಿನಲ್ಲಿ 2 ಎಕರೆ ಗದ್ದೆ ಇರುವ ರೈತರೊಬ್ಬರ ಕಿವಿಗೆ ಹೊಸ ಭತ್ತದ ತಳಿಯೊಂದರ ಸುದ್ದಿ ಬಿದ್ದಾಗ ಅವರು ಏನು ಮಾಡುತ್ತಾರೆ ಎಂಬುದನ್ನು ಗಮನಿಸಬೇಕು. ಇಡೀ ಗದ್ದೆಗೆ ಅದನ್ನೇ ನಾಟಿ ಮಾಡಿಸುವುದಿಲ್ಲ. ಕೇಳಿದ್ದನ್ನು ಕೇಳಿ ಸುಮ್ಮನಾಗುವುದೂ ಇಲ್ಲ. ದಿನವೂ ಓಡಾಡುವ ಬದುವಿನ ಪಕ್ಕದ ಐದು ಗುಂಟೆಯಲ್ಲಿ ಹೊಸದನ್ನು ಹಾಕುತ್ತಾರೆ, ಅದರ ಮಗ್ಗುಲಲ್ಲೇ ಹಳೆಯದೂ ಇರುತ್ತದೆ. ತೆಂಡೆ ಎಷ್ಟು ಒಡೆಯಿತು, ಬೆಂಕಿ ರೋಗ ತಡೆಯಿತೇ, ಜೊಳ್ಳು ಎಷ್ಟು, ಹುಲ್ಲು ದನಕ್ಕೆ ಹಿಡಿಸಿತೇ, ಅನ್ನ ಮನೆಯವರಿಗೆ ರುಚಿಸಿತೇ, ಗಿರಣಿಯವರು ಯಾವ ಬೆಲೆಗೆ ಕೊಂಡರು ಎಂಬುದನ್ನೆಲ್ಲ ಒಂದು ಬೆಳೆಯ ಕಾಲ ನೋಡಿದ ಮೇಲಷ್ಟೇ ಮುಂದಿನ ಮಾತು. 80 ಗುಂಟೆಯಲ್ಲಿ 5 ಗುಂಟೆ ಕೈಕೊಟ್ಟರೂ ಮನೆಯ ಕಣಜ ಬರಿದಾಗುವುದಿಲ್ಲ. ಕೈಹಿಡಿದರೆ ಮುಂದಿನ ವರ್ಷ ಗದ್ದೆಗೆಲ್ಲ ಧೈರ್ಯವಾಗಿ ಹಾಕಬಹುದು.

ಇಂಥ ಮನೆಗಳ ಮಕ್ಕಳು ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯ ಕಾರ್ಖಾನೆಗಳಿಗೋ ನಗರದ ಕಚೇರಿಗಳಿಗೋ ಕೆಲಸಕ್ಕೆ ಬಂದಾಗ ಅವರ ಜೊತೆ ಈ ವಿವೇಕವೂ ಬಂದಿರುತ್ತದೆ. ಆದರೆ ಅಲ್ಲಿ ಅವರಿಗೆ ಐದು ಗುಂಟೆ ಸಿಗುವುದಿಲ್ಲ. ಒಂದೋ ಮೇಲಿನವರು ತೀರ್ಮಾನಿಸಿದ ಬದಲಾವಣೆ ಎಲ್ಲ ವಿಭಾಗಗಳಲ್ಲೂ ಒಂದೇ ದಿನ ಜಾರಿಗೆ ಬರುತ್ತದೆ, ಇಲ್ಲವೇ ನಡೆದುಕೊಂಡು ಬಂದದ್ದೇ ನಡೆಯುತ್ತಿರುತ್ತದೆ. ನಾನು ಇಪ್ಪತ್ತು ವರ್ಷ ಮೈಸೂರಿನ ಘಟಕಗಳಲ್ಲಿ ಮೊದಲು ಪಾಳಿಯ ಮೇಲ್ವಿಚಾರಕನಾಗಿ, ಆಮೇಲೆ ವಿಭಾಗದ ಮುಖ್ಯಸ್ಥನಾಗಿ ದುಡಿದು ಕಂಡುಕೊಂಡದ್ದು ಇದು: ಕೆಲಸ ಮಾಡುವ ಕೈಗೆ ಕಂಡ ತೊಡಕಿನಿಂದ ಅದನ್ನು ಸಣ್ಣದಾಗಿ ಪರೀಕ್ಷಿಸುವ ತಾಕಿನವರೆಗಿನ, ಅಂದರೆ ಆ ಐದು ಗುಂಟೆಯಂಥ ಸಣ್ಣ ತುಂಡಿನವರೆಗಿನ ದಾರಿಯನ್ನು ಹತ್ತಿರ ಮಾಡುವುದೇ ನಾಯಕರ ಮೊದಲ ಕೆಲಸ. ಬುದ್ಧಿವಂತರನ್ನು ಹುಡುಕಿ ತರುವುದು, ಸಲಹಾ ಪೆಟ್ಟಿಗೆ ತೂಗುಹಾಕುವುದು, ಬಹುಮಾನ ಘೋಷಿಸುವುದು ಇವೆಲ್ಲ ಅದರ ನಂತರದವು. ಆ ದಾರಿಯನ್ನು ಹೇಗೆ ಹತ್ತಿರ ಮಾಡಬಹುದು ಎಂಬುದನ್ನು ಹೆಜ್ಜೆಹೆಜ್ಜೆಯಾಗಿ ಇಲ್ಲಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಯಾವುದನ್ನು ಹೊಸತನ ಎನ್ನುತ್ತೇವೆ ಎಂದು ತಿಳಿದುಕೊಳ್ಳುವುದು

ಹೊಸ ಆಲೋಚನೆ ಬೇರೆ, ಹೊಸತನ ಬೇರೆ. ಆಲೋಚನೆ ಯಾರದೋ ಕೆಲಸವನ್ನು ನಿಜವಾಗಿ ಬದಲಿಸಿ, ಅದರಿಂದ ಪ್ರಯೋಜನ ಕಂಡಾಗ ಮಾತ್ರ ಅದನ್ನು ಹೊಸತನ ಎನ್ನಬೇಕು. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ರೂಪಿಸಿತು. ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚು, ಅದು ಹೆಪ್ಪುಗಟ್ಟಿದಾಗ ಗಟ್ಟಿಯಾಗುತ್ತದೆ, ಎಳೆ ಮಗುವಿನ ಹೊಟ್ಟೆಗೆ ಹಗುರವಲ್ಲ; ಆದರೆ ನಮ್ಮ ದೇಶದಲ್ಲಿ ಹೇರಳವಾಗಿದ್ದದ್ದು ಅದೇ ಹಾಲು. ತೊಡಕು ನಮ್ಮದಾಗಿದ್ದರಿಂದ ಉತ್ತರವನ್ನೂ ನಾವೇ ಹುಡುಕಬೇಕಾಯಿತು. ಆದರೂ ಪ್ರಯೋಗಾಲಯದ ಆ ವಿಧಾನ ಮನೆಮನೆಗೆ ತಲುಪಿದ್ದು ಗುಜರಾತಿನ ಹಾಲು ಉತ್ಪಾದಕರ ಸಹಕಾರ ಸಂಘ ಅದನ್ನು ಕೈಗೆತ್ತಿಕೊಂಡು ಅಮುಲ್ ಹೆಸರಿನಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರಿದಾಗ. ತೊಡಕು, ವಿಧಾನ, ಬಳಕೆ ಈ ಮೂರರಲ್ಲಿ ಒಂದು ಕಳಚಿಕೊಂಡರೂ ಉಳಿಯುವುದು ಬರೀ ಕಡತ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಹೊಸದೆಂದರೆ ಜಗತ್ತಿಗೇ ಹೊಸದಾಗಿರಬೇಕು ಎಂದು ಅನೇಕರು ಭಾವಿಸಿ, ತಮ್ಮ ತಂಡಕ್ಕೆ ಅಷ್ಟು ಶಕ್ತಿಯಿಲ್ಲವೆಂದು ಕೈಚೆಲ್ಲುತ್ತಾರೆ. ಅಣೆಕಟ್ಟೆಯ ಎತ್ತರವನ್ನು ಏರಿಸದೆಯೇ ಹೆಚ್ಚು ನೀರು ನಿಲ್ಲಿಸಲು ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಮೊದಲು ಅಳವಡಿಸಿದ್ದು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ. ಕನ್ನಂಬಾಡಿಗೆ ಅವು ಬಂದದ್ದು ಆಮೇಲೆ. ಒಂದು ಕಡೆ ಪಳಗಿದ್ದನ್ನು ಇನ್ನೊಂದು ಕಡೆಯ ನೀರಿಗೆ ನೆಲಕ್ಕೆ ಹೊಂದಿಸಿದ್ದು ಇಲ್ಲಿಯ ಹೊಸತನ. ಅದೇ ಕನ್ನಂಬಾಡಿಯ ಗೋಡೆಗೆ ಸಿಮೆಂಟಿನ ಬದಲು ಬಳಸಿದ್ದು ಸುಣ್ಣ ಮತ್ತು ಸುರ್ಕಿಯ (ಸುಟ್ಟ ಇಟ್ಟಿಗೆಯ ಪುಡಿಯ) ಗಾರೆಯನ್ನು. ಅಷ್ಟು ದೊಡ್ಡ ಹೊಸ ಕೆಲಸಕ್ಕೆ ಹಳೆಯ ಗಾರೆಯೇ ಒದಗಿತು.

ಹೀಗೆ ನೋಡಿದರೆ ತಂಡವೊಂದು ಮೂರು ಬಗೆಯಲ್ಲಿ ಹೊಸದನ್ನು ತರಬಹುದು: ಇರುವ ಕೆಲಸವನ್ನು ಇನ್ನಷ್ಟು ಹಸನಾಗಿಸುವುದು, ಬೇರೆ ಕಡೆ ನಡೆದದ್ದನ್ನು ತನಗೆ ಹೊಂದಿಸಿಕೊಳ್ಳುವುದು, ಹಿಂದೆಂದೂ ಇಲ್ಲದ್ದನ್ನು ಮಾಡುವುದು. ವರ್ಷಕ್ಕೆ ಹತ್ತು ಪ್ರಯೋಗ ಮಾಡುವ ತಂಡಕ್ಕೆ ಏಳು ಮೊದಲ ಬಗೆಯವು, ಎರಡು ಎರಡನೆಯವು, ಒಂದು ಮೂರನೆಯದು ಇರಲಿ ಎಂದು ನಾನು ಹೇಳುವುದುಂಟು. ಇದು ನನ್ನ ರೂಢಿಯ ಲೆಕ್ಕವೇ ಹೊರತು ಶಾಸ್ತ್ರವಲ್ಲ. ಆದರೆ ಯಾವ ಬಗೆಯದನ್ನು ಬಯಸುತ್ತಿದ್ದೇವೆ ಎಂದು ತಂಡಕ್ಕೆ ಬಾಯಿಬಿಟ್ಟು ಹೇಳದಿದ್ದರೆ, ಮೇಜು ಸರಿಸಿದರೆ ಸಾಕೆನ್ನುವವರು ತಮ್ಮ ಮಾತು ತೀರಾ ಚಿಕ್ಕದೆಂದು ನುಂಗಿಕೊಳ್ಳುತ್ತಾರೆ.

ಎರಡನೆಯ ಹೆಜ್ಜೆ: ಸಲಹೆ ಕೇಳುವ ಮೊದಲು ತೊಡಕುಗಳನ್ನು ಹುಡುಕುವುದು

‘ಏನಾದರೂ ಹೊಸದು ಹೇಳಿ’ ಎಂದು ಸಭೆ ಕರೆದರೆ ಎಲ್ಲರೂ ನೆಲ ನೋಡುತ್ತಾರೆ. ಆ ಪ್ರಶ್ನೆಗೆ ಹಿಡಿಯಲು ಹಿಡಿಕೆಯೇ ಇಲ್ಲ. ಅದರ ಬದಲು ನಾಲ್ಕು ವಾರಗಳ ಕಾಲ, ವಾರಕ್ಕೆ ಒಂದು ಗಂಟೆ, ಕೆಲಸ ನಡೆಯುವ ಜಾಗದಲ್ಲೇ ಹೋಗಿ ಕುಳಿತುಕೊಳ್ಳಿ. ತಪಾಸಣೆಗೆ ಬಂದವರಂತೆ ಕೈಯಲ್ಲಿ ಪಟ್ಟಿ ಹಿಡಿದು ನಿಲ್ಲಬೇಡಿ. ಮೂರು ಪ್ರಶ್ನೆ ಸಾಕು. ಯಾವ ಕೆಲಸವನ್ನು ಎರಡೆರಡು ಸಲ ಮಾಡಬೇಕಾಗುತ್ತಿದೆ? ಯಾವುದಕ್ಕಾಗಿ ಕಾದು ಕೂರಬೇಕಾಗುತ್ತಿದೆ? ಕೆಲಸ ಸುಸೂತ್ರವಾಗಲೆಂದು ನೀವೇ ಮಾಡಿಕೊಂಡಿರುವ ಉಪಾಯ ಯಾವುದು?

ಮೂರನೆಯ ಪ್ರಶ್ನೆಯೇ ಬಂಗಾರ. ಯಂತ್ರದ ಬಾಯಿಗೆ ಕಟ್ಟಿದ ಸೈಕಲ್ ಟ್ಯೂಬಿನ ತುಂಡು, ಅಳತೆಗೆಂದು ಮೇಜಿನ ಮೇಲೆ ಎಳೆದ ಸೀಮೆಸುಣ್ಣದ ಗೆರೆ, ಕಡತಗಳಿಗೆ ಕಟ್ಟಿದ ಬಣ್ಣಬಣ್ಣದ ದಾರ, ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಗುಮಾಸ್ತರು ಗುಟ್ಟಾಗಿ ಇಟ್ಟುಕೊಂಡ ಪಟ್ಟಿ ಇವೆಲ್ಲವೂ ಆಗಲೇ ಹುಟ್ಟಿರುವ ಹೊಸತನಗಳು. ಅವುಗಳನ್ನು ಮಾಡಿಕೊಂಡವರು ಬಚ್ಚಿಟ್ಟಿರುವುದಕ್ಕೆ ಕಾರಣ, ಅವು ನಿಯಮಕ್ಕೆ ಹೊರತೆಂಬ ಅಂಜಿಕೆ. ಇಂಥದ್ದು ಕಣ್ಣಿಗೆ ಬಿದ್ದಾಗ ನಾಯಕರ ಮೊದಲ ಮಾತು ‘ಇದನ್ನು ಯಾರು ಕಟ್ಟಿದ್ದು?’ ಎಂಬ ಗದರಿಕೆಯಾದರೆ ಮುಂದಿನ ಹೆಜ್ಜೆಗಳನ್ನು ಓದುವ ಅಗತ್ಯವೇ ಬೀಳುವುದಿಲ್ಲ. ‘ಇದನ್ನು ಹೇಗೆ ಕಂಡುಕೊಂಡಿರಿ, ತೋರಿಸಿ’ ಎಂದು ಕೇಳಿ, ಅವರು ತೋರಿಸಿದ್ದನ್ನು ಒಂದು ವಹಿಯಲ್ಲಿ ಬರೆದುಕೊಳ್ಳಿ. ಆ ವಹಿಯನ್ನು ತೊಡಕಿನ ವಹಿ ಎಂದು ಕರೆಯೋಣ. ಮುಂದೆಲ್ಲ ಅದೇ ಕೆಲಸಕ್ಕೆ ಬರುತ್ತದೆ.

ಸರ್ಕಾರಿ ಕಚೇರಿಯವರು ‘ನಮ್ಮಲ್ಲಿ ಎಲ್ಲವೂ ನಿಯಮದ ಪ್ರಕಾರ, ಬದಲಿಸುವುದೇನಿದೆ’ ಎನ್ನುತ್ತಾರೆ. ನಿಯಮದ ಒಳಗೇ ಬಹಳ ಜಾಗವಿದೆ. ಕಿಟಕಿಯ ಬಳಿ ಬರುವ ಜನ ದಿನಕ್ಕೆ ಎಷ್ಟು ಸಲ ಒಂದೇ ಪ್ರಶ್ನೆ ಕೇಳುತ್ತಾರೆ, ಯಾವ ದಾಖಲೆ ತರದೆ ಎಷ್ಟು ಮಂದಿ ಹಿಂದಿರುಗುತ್ತಾರೆ ಎಂದು ಒಂದು ವಾರ ಗೀಟು ಹಾಕಿ ಎಣಿಸಿದರೆ, ಹೊರಗಿನ ಫಲಕದಲ್ಲಿ ಏನು ಬರೆಯಬೇಕು, ಯಾವ ಅಳತೆಯ ಅಕ್ಷರದಲ್ಲಿ ಬರೆಯಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಮೂರನೆಯ ಹೆಜ್ಜೆ: ಬಾಯಿ ತೆರೆದವರಿಗೆ ಸಿಗುವ ಮೊದಲ ಉತ್ತರದ ಬಗ್ಗೆ ಎಚ್ಚರವಹಿಸುವುದು

ಇಲ್ಲಿ ನನ್ನ ತಪ್ಪೊಂದನ್ನು ಹೇಳಲೇಬೇಕು. ನಾನು ಮೇಲ್ವಿಚಾರಕನಾಗಿದ್ದ ಒಂದು ಘಟಕದ ಪ್ಯಾಕಿಂಗ್ ಸಾಲಿನಲ್ಲಿ ಲೇಬಲ್ ಅಂಟಿಸುತ್ತಿದ್ದ ಹೆಣ್ಣುಮಗಳೊಬ್ಬರು ಒಂದು ದಿನ ಪಾಳಿ ಮುಗಿಯುವ ಹೊತ್ತಿಗೆ ಬಂದು, “ಸಾರ್, ಈ ಮೇಜನ್ನ ಆ ಕಡೆಗೆ ತಿರುಗಿಸಿದ್ರೆ ಪೆಟ್ಟಿಗೇನ ಎರಡು ಸಲ ಎತ್ತೋದು ತಪ್ಪುತ್ತೆ” ಎಂದರು. ನಾನು “ನೋಡೋಣಮ್ಮ” ಎಂದೆ. ಎಂಟು ತಿಂಗಳ ಮೇಲೆ ಬೇರೆ ಯಾವುದೋ ಯಂತ್ರ ಇಡಲೆಂದು ಆ ಮೇಜನ್ನು ತಿರುಗಿಸಬೇಕಾಯಿತು. ಸಂಜೆಯ ಹೊತ್ತಿಗೆ ಸೊಂಟ ಹಿಡಿದುಕೊಂಡು ಕೂರುತ್ತಿದ್ದವರು ಆ ವಾರ ನೆಟ್ಟಗೆ ನಡೆದು ಮನೆಗೆ ಹೋದದ್ದನ್ನು ಕಂಡಾಗ ನನಗೆ ಅವರ ಮಾತು ನೆನಪಾಯಿತು. ಯಾಕೆ ಮತ್ತೆ ನೆನಪಿಸಲಿಲ್ಲ ಎಂದು ಕೇಳಿದೆ. “ನೀವು ನೋಡೋಣ ಅಂದ್ರಲ್ಲಾ ಸಾರ್, ಅದಕ್ಕೇ ಸುಮ್ಮನಾದೆ” ಎಂದರು. ಅವರ ಮಾತಿನಲ್ಲಿ ದೂರಿರಲಿಲ್ಲ. ನಮ್ಮ ಕಡೆ ‘ನೋಡೋಣ’ ಎಂದರೆ ಆಗುವುದಿಲ್ಲ ಎಂದೇ ಅರ್ಥವೆಂದು ಅವರಿಗೆ ತಿಳಿದಿತ್ತು. ಹಾಗೆಂದೆ ಎಂಬುದು ನನಗೆ ತಿಳಿದಿರಲಿಲ್ಲ.

ಅಂದಿನಿಂದ ನನ್ನ ತಂಡಗಳಲ್ಲಿ ‘ನೋಡೋಣ’ ಎಂಬ ಉತ್ತರವನ್ನು ನಿಲ್ಲಿಸಿದೆ. ಹೇಳಿದವರಿಗೆ ಏಳು ದಿನದೊಳಗೆ ಈ ಮೂರರಲ್ಲಿ ಒಂದು ಉತ್ತರ ಮುಟ್ಟಲೇಬೇಕು: ‘ಇಂಥ ದಿನ ಪ್ರಯೋಗ ಆರಂಭಿಸುತ್ತೇವೆ’; ‘ಈಗ ಆಗದು, ಕಾರಣ ಇದು’; ‘ಇದು ನನ್ನ ಕೈಯಲ್ಲಿಲ್ಲ, ಇಂಥವರ ಬಳಿ ಇಂಥ ದಿನ ಕೇಳಿ ತಿಳಿಸುತ್ತೇನೆ’. ಆಗದು ಎಂಬ ಉತ್ತರದಿಂದ ಜನ ಮುನಿಸಿಕೊಳ್ಳುವುದು ಕಡಿಮೆ. ಉತ್ತರವೇ ಬಾರದಿದ್ದರೆ ಮಾತ್ರ ಎರಡನೆಯ ಸಲ ಬಾಯಿ ತೆರೆಯುವುದಿಲ್ಲ. ಟೊಯೊಟಾ ಕಾರ್ಖಾನೆಗಳಲ್ಲಿ ಕೆಲಸಗಾರರು ತೊಂದರೆ ಕಂಡ ಕೂಡಲೇ ಹಗ್ಗ ಎಳೆದು ಸೂಚನೆ ಕೊಡುವ ಪದ್ಧತಿಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಹಗ್ಗ ಎಳೆದ ತಕ್ಷಣ ತಂಡದ ನಾಯಕ ಆ ಜಾಗಕ್ಕೆ ಬಂದು ನಿಲ್ಲುತ್ತಾನೆ ಎಂಬ ಅರ್ಧವನ್ನು ಮರೆಯುತ್ತಾರೆ. ಬರುವವರಿಲ್ಲದಿದ್ದರೆ ಆ ಹಗ್ಗಕ್ಕೆ ಬೆಲೆಯೇನು?

ತಪ್ಪನ್ನು ಹೇಳಿಕೊಳ್ಳುವ ಧೈರ್ಯಕ್ಕೂ ಹೊಸದನ್ನು ಹೇಳುವ ಧೈರ್ಯಕ್ಕೂ ಬೇರು ಒಂದೇ. ಹಾರ್ವರ್ಡ್ ವಿಶ್ವವಿದ್ಯಾಲಯದ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಾಸ ಮಾಡಿದಾಗ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳಲ್ಲಿ ತಪ್ಪುಗಳನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದು ಅವರು ಕಂಡುಕೊಂಡ ವಿವರಣೆ. ಆದ್ದರಿಂದ ನಿಮ್ಮ ವಿಭಾಗದಲ್ಲಿ ಆರು ತಿಂಗಳಿನಿಂದ ಒಂದೂ ತಪ್ಪು ವರದಿಯಾಗಿಲ್ಲವಾದರೆ ನೆಮ್ಮದಿಪಡುವ ಮೊದಲು ಒಮ್ಮೆ ಯೋಚಿಸಿ.

ನಮ್ಮಲ್ಲಿ ಹಿರಿಯರ ಎದುರು ಕಿರಿಯರು ಮಾತು ತಡೆಹಿಡಿಯುತ್ತಾರೆ. ಇದು ದೋಷವಲ್ಲ, ಬೆಳೆದು ಬಂದ ಮರ್ಯಾದೆ. ಅದನ್ನು ಕೆಣಕದೆ ದಾರಿ ಮಾಡಿಕೊಡಬೇಕು. ಸಭೆಯಲ್ಲಿ ಅತಿ ಕಿರಿಯರು ಮೊದಲು ಮಾತಾಡಲಿ, ಮುಖ್ಯಸ್ಥರು ಕೊನೆಗೆ. ಅದಕ್ಕೂ ಮೊದಲು ಹತ್ತು ನಿಮಿಷ ಎಲ್ಲರೂ ತಮ್ಮಷ್ಟಕ್ಕೆ ಬರೆಯಲಿ. ಗುಂಪಾಗಿ ಕೂತು ಮಾತಾಡುವುದಕ್ಕಿಂತ ಅಷ್ಟೇ ಮಂದಿ ಬೇರೆಬೇರೆಯಾಗಿ ಯೋಚಿಸಿ ಬರೆದದ್ದನ್ನು ಕೂಡಿಸಿದರೆ ಹೆಚ್ಚು ಆಲೋಚನೆಗಳು ಸಿಗುತ್ತವೆ ಎಂಬುದನ್ನು 1958ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದರು. ಒಬ್ಬರ ಮಾತು ಮುಗಿಯಲೆಂದು ಕಾಯುತ್ತ ಇನ್ನೊಬ್ಬರು ತಮ್ಮದನ್ನು ಮರೆಯುವುದು ಅದಕ್ಕೆ ಒಂದು ಕಾರಣವೆಂದು ಮುಂದಿನ ಅಧ್ಯಯನಗಳು ಹೇಳಿದವು.

ಭಾಷೆಯ ವಿಷಯವನ್ನು ನಾನು ಒತ್ತಿ ಹೇಳುತ್ತೇನೆ. ಮೈಸೂರಿನ ಅನೇಕ ಸಂಸ್ಥೆಗಳಲ್ಲಿ ಕೆಲಸ ನಡೆಯುವುದು ಕನ್ನಡದಲ್ಲಿ, ಸಭೆ ನಡೆಯುವುದು ಇಂಗ್ಲಿಷಿನಲ್ಲಿ. ಯಂತ್ರದ ಸದ್ದಿನಲ್ಲೇ ಅದರ ಕಾಯಿಲೆ ಗುರುತಿಸಬಲ್ಲ ಕೆಲಸಗಾರರು ಇಂಗ್ಲಿಷ್ ನಮೂನೆಯ ಎದುರು ಮೂಕರಾಗುತ್ತಾರೆ. ಅರ್ಧ ಹಾಳೆ ಕನ್ನಡದಲ್ಲಿ ಬರೆದರೆ ಸಾಕು, ಬರೆಯಲಾಗದಿದ್ದರೆ ಬಾಯಲ್ಲಿ ಹೇಳಿದ್ದನ್ನು ಮೇಲ್ವಿಚಾರಕರೇ ಬರೆದುಕೊಳ್ಳಬೇಕು ಎಂದು ನಿಯಮ ಮಾಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ಮತ್ತು ಇಷ್ಟು ಫಲ ಕೊಡುವ ಇನ್ನೊಂದು ಕ್ರಮವನ್ನು ನಾನು ಕಂಡಿಲ್ಲ.

ನಾಲ್ಕನೆಯ ಹೆಜ್ಜೆ: ತಾಕು ಕೊಡುವುದು

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಗದ್ದೆಗಳಲ್ಲಿ ಹೊಸ ತಳಿಯ ಪಕ್ಕದಲ್ಲೇ ಪರಿಚಿತ ತಳಿಯನ್ನೂ ಹಾಕಿ ಹೋಲಿಸುತ್ತಾರೆ. ಮಣ್ಣು ಅದೇ, ನೀರು ಅದೇ, ನಾಟಿಯ ದಿನ ಅದೇ. ಬದಲಾಗುವುದು ಒಂದೇ ಒಂದು. ತಂಡದ ಪ್ರಯೋಗಕ್ಕೂ ಇದೇ ಕಟ್ಟಳೆ. ಇದನ್ನು ಒಂದು ಆಲೆಮನೆಯ ಉದಾಹರಣೆಯಿಂದ ವಿವರಿಸುತ್ತೇನೆ, ಏಕೆಂದರೆ ಹೊಸತನದ ಎಲ್ಲ ಕಷ್ಟಗಳೂ ಅಲ್ಲಿ ಒಂದೇ ಕೊಪ್ಪರಿಗೆಯಲ್ಲಿ ಕುದಿಯುತ್ತವೆ.

ಕಬ್ಬಿನ ಹಾಲು ಕಾಯಿಸುವಾಗ ಬೆಲ್ಲಕ್ಕೆ ಹಳದಿ ಬಣ್ಣ ಬರಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದು ಅನೇಕ ಕಡೆ ರೂಢಿಯಾಗಿದೆ. ಅದನ್ನು ಬಿಟ್ಟು, ಬೆಂಡೆ ಗಿಡದ ಕಾಂಡ ಜಜ್ಜಿ ತೆಗೆದ ಲೋಳೆಯಿಂದಲೇ ಕೊಳೆ ತೆಗೆದು ಬೆಲ್ಲ ಮಾಡಬೇಕೆಂದು ಆಲೆಮನೆಯ ಯಜಮಾನರು ಬಯಸುತ್ತಾರೆ ಎಂದುಕೊಳ್ಳೋಣ. ನಾಳೆಯಿಂದ ಎಲ್ಲವೂ ಹೀಗೇ ಎಂದು ಅಪ್ಪಣೆ ಕೊಟ್ಟರೆ ಏನಾಗುತ್ತದೆ? ಬೆಲ್ಲ ಕಂದಾಗುತ್ತದೆ, ಬಣ್ಣ ನೋಡಿ ಬೆಲೆ ಕಟ್ಟುವ ಮಾರುಕಟ್ಟೆಯಲ್ಲಿ ಕಡಿಮೆಗೆ ಹೋಗುತ್ತದೆ, ಒಂದು ವಾರದಲ್ಲಿ ಯಜಮಾನರು ಹೆದರಿ ಹಿಂದಿನ ದಾರಿಗೇ ಮರಳುತ್ತಾರೆ, ‘ಅದೆಲ್ಲ ನಮ್ಮಲ್ಲಿ ಆಗದ ಮಾತು’ ಎಂಬುದು ಹತ್ತು ವರ್ಷಕ್ಕೆ ಸಾಕಾಗುವಷ್ಟು ಗಟ್ಟಿಯಾಗಿ ಊರಿನಲ್ಲಿ ಉಳಿಯುತ್ತದೆ.

ತಾಕಿನ ರೀತಿ ಬೇರೆ. ಹದಿನೈದು ದಿನ, ದಿನಕ್ಕೆ ಒಂದು ಕೊಪ್ಪರಿಗೆ ಮಾತ್ರ ಹೊಸ ರೀತಿಯಲ್ಲಿ. ಎರಡಕ್ಕೂ ಒಂದೇ ಗದ್ದೆಯ, ಒಂದೇ ತಳಿಯ, ಒಂದೇ ವಯಸ್ಸಿನ ಕಬ್ಬು. ಆರಂಭಕ್ಕೆ ಮೊದಲೇ ಒಂದು ಹಾಳೆಯಲ್ಲಿ ಬರೆಯಬೇಕಾದದ್ದು ಇಷ್ಟು: ಏನನ್ನು ತಿಳಿಯಬೇಕು, ಯಾವುದರ ಜೊತೆ ಹೋಲಿಸುತ್ತೇವೆ, ಎಷ್ಟು ದಿನ, ಯಾರು ನೋಡಿಕೊಳ್ಳುತ್ತಾರೆ, ಏನನ್ನು ಅಳೆಯುತ್ತೇವೆ, ಎಷ್ಟು ನಷ್ಟವಾದರೆ ನಿಲ್ಲಿಸುತ್ತೇವೆ. ಅಳೆಯಬೇಕಾದದ್ದು ಬಣ್ಣವೊಂದೇ ಅಲ್ಲ. ಅಚ್ಚು ಗಟ್ಟಿಯಾಗಿ ಕೂತಿತೇ, ಎಷ್ಟು ಸೌದೆ ಹಿಡಿಯಿತು, ಮಳೆಗಾಲದ ತೇವದಲ್ಲಿ ಎಷ್ಟು ದಿನ ಕರಗದೆ ಉಳಿಯಿತು, ರಾಸಾಯನಿಕವಿಲ್ಲದ ಬೆಲ್ಲವನ್ನೇ ಹುಡುಕಿಕೊಂಡು ಬರುವವರು ಎಷ್ಟು ಕೊಟ್ಟರು ಎಂಬುದನ್ನೂ ಬರೆಯಬೇಕು. ಹೀಗೆ ನೋಡಿದಾಗ ಒಂದು ಸಂಗತಿ ಹೊರಬೀಳುತ್ತದೆ: ಕಷ್ಟವಿರುವುದು ಕಾಯಿಸುವುದರಲ್ಲಷ್ಟೇ ಅಲ್ಲ, ಮಾರುವುದರಲ್ಲೂ ಇದೆ, ಕಂದು ಬೆಲ್ಲವನ್ನು ಹಳದಿ ಬೆಲ್ಲದ ಸಾಲಿನಲ್ಲಿಟ್ಟರೆ ಅದು ಸೋಲುತ್ತದೆ, ಬೇರೆ ಕೊಳ್ಳುವವರ ಬಳಿಗೆ ಒಯ್ದರೆ ನಿಲ್ಲುವ ಅವಕಾಶವಿದೆ. ಇಡೀ ಆಲೆಮನೆಯನ್ನು ಪಣಕ್ಕಿಡದೆ ಈ ತಿಳಿವಳಿಕೆ ದಕ್ಕಿತು ಎಂಬುದೇ ತಾಕಿನ ಲಾಭ.

ಪಾಕ ನೋಡುವವರನ್ನೂ ಮರೆಯಬಾರದು. ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ಹದ ಹೇಳುವ ಕೈ ಅವರದು. ಅಲ್ಲಿಗೆ ಉಷ್ಣಮಾಪಕ ತಂದು ಇಟ್ಟರೆ ತಮ್ಮ ವಿದ್ಯೆಗೇ ಅವಮಾನವಾಯಿತೆಂದು ಅವರಿಗೆ ಅನ್ನಿಸುವುದು ಸಹಜ. ಇದನ್ನು ಮೊಂಡುತನವೆಂದು ತಳ್ಳಿಹಾಕುವ ನಾಯಕರು ದೊಡ್ಡ ಆಸ್ತಿಯನ್ನು ಕಳೆದುಕೊಳ್ಳುತ್ತಾರೆ. ಮಾಪಕ ಎಷ್ಟು ತೋರಿಸಿದಾಗ ನಿಮ್ಮ ಬೆರಳು ಹದ ಎನ್ನುತ್ತದೆ, ನೀವೇ ಬರೆಸಿ ಎಂದು ಅವರನ್ನೇ ಪ್ರಯೋಗದ ಮುಂದಾಳುವನ್ನಾಗಿ ಮಾಡಿದರೆ, ಮಾಪಕ ಅವರ ವಿದ್ಯೆಗೆ ಸಾಕ್ಷಿಯಾಗುತ್ತದೆ. ಕಾರ್ಖಾನೆಯ ಹಳೆಯ ಫಿಟ್ಟರ್ ವಿಷಯದಲ್ಲೂ, ಕಚೇರಿಯ ಹಿರಿಯ ಗುಮಾಸ್ತರ ವಿಷಯದಲ್ಲೂ ಇದೇ ಮಾತು.

ಒಂದು ಎಚ್ಚರಿಕೆ. ಎಲ್ಲವನ್ನೂ ತಾಕಿನಲ್ಲಿ ಪ್ರಯೋಗಿಸುವಂತಿಲ್ಲ. ವಿದ್ಯುತ್ ಸುರಕ್ಷತೆ, ಯಂತ್ರದ ರಕ್ಷಣಾ ಕವಚ, ಔಷಧದ ಪ್ರಮಾಣ, ಮಾರಾಟಕ್ಕೆ ಹೋಗುವ ಆಹಾರದ ಶುದ್ಧತೆ, ಸಾರ್ವಜನಿಕ ಹಣದ ಲೆಕ್ಕ ಇವುಗಳಲ್ಲಿ ಆ ವಿಷಯ ಬಲ್ಲವರ ಲಿಖಿತ ಒಪ್ಪಿಗೆಯಿಲ್ಲದೆ ಯಾರೂ ಏನನ್ನೂ ಬದಲಿಸಕೂಡದು. ಈ ಗಡಿಯನ್ನು ಮೊದಲೇ ಗೋಡೆಯ ಮೇಲೆ ಬರೆದು ಹಾಕಿದರೆ, ಗಡಿಯ ಒಳಗೆ ಜನ ನಿರಾತಂಕವಾಗಿ ಓಡಾಡುತ್ತಾರೆ.

ಐದನೆಯ ಹೆಜ್ಜೆ: ಹೊತ್ತು ಮತ್ತು ಹಣ

ಅಮೆರಿಕದ 3ಎಂ ಕಂಪನಿ ತನ್ನ ತಂತ್ರಜ್ಞರಿಗೆ ಕೆಲಸದ ಹೊತ್ತಿನ ಶೇ. 15ರಷ್ಟನ್ನು ಸ್ವಂತ ಯೋಚನೆಗಳಿಗೆ ಬಳಸಲು ಬಿಡುತ್ತದೆ ಎಂಬುದನ್ನು ತರಬೇತಿಗಳಲ್ಲಿ ಹೇಳುತ್ತಾರೆ. ಅಲ್ಲಿ 1968ರಲ್ಲಿ ಸಿಕ್ಕ ಸಡಿಲವಾದ ಅಂಟು, ಕಿತ್ತು ಮತ್ತೆ ಅಂಟಿಸಬಹುದಾದ ಚೀಟಿಯಾಗಿ ಅಮೆರಿಕದ ಮಾರುಕಟ್ಟೆಯಲ್ಲೆಲ್ಲ ಕಂಡದ್ದು 1980ರಲ್ಲಿ ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಮೂರು ಪಾಳಿಯಲ್ಲಿ ಓಡುವ ನಮ್ಮ ಘಟಕಗಳಲ್ಲಿ ಶೇಕಡಾವಾರು ಹೊತ್ತು ಕೊಡುವ ಮಾತು ಕಾಗದದಲ್ಲೇ ಉಳಿಯುತ್ತದೆ. ನಡೆಯಬಲ್ಲದ್ದು ಇದು: ಪ್ರಯೋಗದಲ್ಲಿರುವವರ ಜಾಗಕ್ಕೆ ವಾರದಲ್ಲಿ ಎರಡು ಗಂಟೆ ರಿಲೀವರ್ ನಿಲ್ಲಿಸುವುದು, ಅಥವಾ ಆ ಹೊತ್ತು ನಾಯಕರೇ ಅಲ್ಲಿ ನಿಲ್ಲುವುದು. ಹಣದ ವಿಷಯದಲ್ಲಿ, ಮೇಲ್ವಿಚಾರಕರ ಒಂದೇ ಸಹಿಯಿಂದ ಅದೇ ದಿನ ಕೈಗೆ ಸಿಗುವ ಸಣ್ಣ ಮೊತ್ತ ಇರಬೇಕು. ಒಂದು ಹಲಗೆ, ನಾಲ್ಕು ಬೋಲ್ಟು, ಒಂದು ಡಬ್ಬ ಬಣ್ಣಕ್ಕೆ ಮೂರು ಸಹಿ ಬೇಕಾದರೆ ಆಲೋಚನೆ ಸಹಿಯ ಸಾಲಿನಲ್ಲೇ ಬಾಡುತ್ತದೆ.

ಆರನೆಯ ಹೆಜ್ಜೆ: ಸೋತದ್ದನ್ನು ಬರೆದಿಡುವುದು

ಸೋಲುಗಳೆಲ್ಲ ಒಂದೇ ಅಲ್ಲ. ಗೊತ್ತಿದ್ದ ವಿಧಾನವನ್ನು ಅಸಡ್ಡೆಯಿಂದ ಕೆಡಿಸಿದ್ದು ಒಂದು ಬಗೆ. ಅದಕ್ಕೆ ಬುದ್ಧಿ ಹೇಳಲೇಬೇಕು. ಹಾಳೆಯಲ್ಲಿ ಬರೆದು, ನಷ್ಟದ ಮಿತಿ ಹಾಕಿಕೊಂಡು ನಡೆಸಿದ ಪ್ರಯೋಗ ಫಲ ಕೊಡದಿದ್ದರೆ ಅದು ಬೇರೆಯೇ ಬಗೆ. ಎರಡಕ್ಕೂ ಒಂದೇ ಮುಖ ತೋರಿಸುವ ನಾಯಕರ ಕೈಕೆಳಗೆ ಜನ ಎರಡನೆಯದನ್ನು ಕೈಬಿಡುತ್ತಾರೆ, ಮೊದಲನೆಯದನ್ನು ಮುಚ್ಚಿಡುತ್ತಾರೆ. ‘ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು’ ಎಂಬ ಮಾತು ಸೋತವರ ಬೆನ್ನ ಹಿಂದೆ ಕೇಳಿಬರುವುದು ನಿಶ್ಚಿತ. ಅದನ್ನು ತಡೆಯಲು ನಾಯಕರಿಗಷ್ಟೇ ಸಾಧ್ಯ, ಅದೂ ಎಲ್ಲರೆದುರು. ಪ್ರಯೋಗ ಮುಗಿದ ವಾರದಲ್ಲೇ ಅರ್ಧ ಗಂಟೆ ಕೂತು, ಏನಾಗುತ್ತದೆಂದು ಎಣಿಸಿದ್ದೆವು, ಏನಾಯಿತು, ಯಾಕೆ, ಮುಂದೆ ಇದನ್ನೇ ಮಾಡಹೊರಟವರು ಏನನ್ನು ತಿಳಿದಿರಬೇಕು ಎಂದು ವಹಿಯಲ್ಲಿ ಬರೆಯಿರಿ. ಮೂರು ವರ್ಷದ ಹಿಂದೆ ಸೋತ ಪ್ರಯೋಗ ಹೊಸ ಯಂತ್ರ ಬಂದ ಮೇಲೆ ಗೆದ್ದದ್ದನ್ನು ನಾನು ಕಂಡಿದ್ದೇನೆ. ಹಳೆಯ ಬರಹ ಇದ್ದುದರಿಂದ ಅದಕ್ಕೆ ಬೇಕಾದದ್ದು ಎರಡೇ ದಿನ.

ಏಳನೆಯ ಹೆಜ್ಜೆ: ಗೆದ್ದದ್ದನ್ನು ಪಕ್ಕದ ಗದ್ದೆಗೆ ದಾಟಿಸುವುದು

ಇದು ಎಲ್ಲಕ್ಕಿಂತ ಕಠಿಣ. ಒಂದು ಪಾಳಿಯಲ್ಲಿ ಗೆದ್ದದ್ದು ಪಕ್ಕದ ಪಾಳಿಗೆ ದಾಟದೆ ಸಾಯುವುದೇ ಹೆಚ್ಚು. ಸುತ್ತೋಲೆಯಿಂದ ದಾಟುವುದಿಲ್ಲ. ರೈತರು ಹೊಸ ತಳಿಯನ್ನು ನಂಬುವುದು ರಸ್ತೆಯ ಪಕ್ಕದ ಗದ್ದೆಯಲ್ಲಿ, ತಮ್ಮಂಥವರೇ ಬೆಳೆದದ್ದನ್ನು ಕಣ್ಣಾರೆ ಕಂಡಾಗ. ಆದ್ದರಿಂದ ಪಕ್ಕದ ಪಾಳಿಯ ಇಬ್ಬರನ್ನು ಎರಡು ದಿನ ಇಲ್ಲಿಗೆ ಕರೆಸಿ. ಪ್ರಯೋಗ ಮಾಡಿದವರೇ ಅವರಿಗೆ ಕೈ ಹಿಡಿದು ತೋರಿಸಲಿ. ತಮ್ಮ ಜಾಗಕ್ಕೆ ತಕ್ಕಂತೆ ಅವರು ಅದನ್ನು ಸ್ವಲ್ಪ ಬದಲಿಸಿಕೊಳ್ಳಲು ಬಿಡಿ. ತಾವು ತಿದ್ದಿದ್ದು ತಮ್ಮದಾಗುತ್ತದೆ.

ದೊಡ್ಡ ಹೊಸತನಕ್ಕೆ ಸುತ್ತಲಿನ ಏರ್ಪಾಟೂ ಜೊತೆಯಾಗಬೇಕು. ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಮೊದಲು ಹರಿಯಿತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಬೆಲೆ ಕೊಟ್ಟು ಕೊಳ್ಳುವ ಗಣಿಗಳಿದ್ದುದರಿಂದ ಅಷ್ಟು ದೂರದ ತಂತಿ ಸಾರ್ಥಕವಾಯಿತು. ನಾಲೆಯ ನೀರು ಬಂದ ಮೇಲೆ ಮಂಡ್ಯದ ಹೊಲಗಳು ಕಬ್ಬಿಗೆ ತಿರುಗಿದ್ದಕ್ಕೂ 1933ರಲ್ಲಿ ಅಲ್ಲೇ ಸಕ್ಕರೆ ಕಾರ್ಖಾನೆ ಆರಂಭವಾದದ್ದಕ್ಕೂ ನಂಟಿದೆ. ಬೆಳೆದ ಕಬ್ಬನ್ನು ಕೊಳ್ಳುವವರು ಹತ್ತಿರದಲ್ಲೇ ಇದ್ದರು. ನಿಮ್ಮ ತಂಡ ಹೊಸದೊಂದನ್ನು ಮಾಡಿದಾಗ ಅದನ್ನು ಪಡೆಯುವ ವಿಭಾಗ ಯಾವುದು, ಅವರಿಗೆ ಅದರಿಂದ ಏನು ಹಗುರವಾಗುತ್ತದೆ ಎಂದು ಅವರನ್ನೇ ಮೊದಲು ಕೇಳಿ.

ಎಂಟನೆಯ ಹೆಜ್ಜೆ: ಹೆಸರು

ಮೇಜು ತಿರುಗಿಸಿದ ಕಥೆಗೆ ಇನ್ನೊಂದು ಭಾಗವಿದೆ. ಆ ಬದಲಾವಣೆಯಿಂದ ಉಳಿದ ಹೊತ್ತನ್ನು ನಾನು ಮೇಲಿನವರ ಸಭೆಯಲ್ಲಿ ಅಂಕಿಗಳೊಂದಿಗೆ ತೋರಿಸಿದೆ, ಮೆಚ್ಚುಗೆಯನ್ನೂ ಪಡೆದೆ, ಆ ಹೆಣ್ಣುಮಗಳ ಹೆಸರು ಹೇಳಲಿಲ್ಲ. ಸುದ್ದಿ ಕೆಳಗೆ ಇಳಿಯಲು ಒಂದು ದಿನವೂ ಬೇಕಾಗಲಿಲ್ಲ. ಆ ಸಾಲಿನಿಂದ ಮುಂದಿನ ಒಂದು ವರ್ಷ ನನ್ನ ಬಳಿಗೆ ಒಂದೂ ಸಲಹೆ ಬರಲಿಲ್ಲ, ಮತ್ತು ಅದಕ್ಕೆ ನಾನೇ ಕಾರಣನಾಗಿದ್ದೆ.

ಹಣದ ಬಹುಮಾನದ ಬಗ್ಗೆ ನನಗೆ ಅನುಮಾನಗಳಿವೆ. ಸಲಹೆಗೆ ಇಂತಿಷ್ಟು ಎಂದು ಬೆಲೆ ಕಟ್ಟಿದರೆ ಸಲಹೆಗಳ ರಾಶಿ ಬೀಳುತ್ತದೆ, ಹುರುಳು ಕಡಿಮೆ. ಒಟ್ಟಿಗೆ ದುಡಿದವರ ನಡುವೆ ಇದು ಯಾರದು ಎಂಬ ಜಗಳವೂ ಹುಟ್ಟುತ್ತದೆ. ಉಳಿತಾಯ ದೊಡ್ಡದಾದಾಗ ಅದರಲ್ಲಿ ತಂಡಕ್ಕೆ ಪಾಲು ಕೊಡುವುದು ನ್ಯಾಯ. ಉಳಿದಂತೆ ಮಾಡಿದವರ ಹೆಸರನ್ನು ಸೂಚನಾ ಫಲಕದಲ್ಲಿ ಬರೆಯುವುದು, ಮೇಲಿನವರು ಬಂದಾಗ ಅವರೇ ನಿಂತು ವಿವರಿಸುವಂತೆ ಮಾಡುವುದು, ಅವರ ಮುಂದಿನ ಪ್ರಯೋಗಕ್ಕೆ ದೊಡ್ಡ ತಾಕು ಕೊಡುವುದು ಇವು ಹೆಚ್ಚು ಕಾಲ ನಿಲ್ಲುವ ಗೌರವಗಳು.

ಒಂಬತ್ತನೆಯ ಹೆಜ್ಜೆ: ಮೊದಲ ತೊಂಬತ್ತು ದಿನ ಮತ್ತು ವಹಿಯ ಹಸ್ತಾಂತರ

ಆರಂಭಿಸುವವರು ಮೊದಲ ತಿಂಗಳು ತೊಡಕು ಹುಡುಕುವುದಕ್ಕೆ ಮೀಸಲಿಡಲಿ, ಎರಡನೆಯ ತಿಂಗಳಲ್ಲಿ ಮೂರಕ್ಕಿಂತ ಹೆಚ್ಚಿಲ್ಲದಂತೆ ತಾಕುಗಳನ್ನು ತೆರೆಯಲಿ, ಮೂರನೆಯದರಲ್ಲಿ ಫಲ ಬರೆದು ಒಂದನ್ನಾದರೂ ಪಕ್ಕಕ್ಕೆ ದಾಟಿಸಲಿ. ಲೆಕ್ಕ ಇಡುವಾಗ ಸಲಹೆಗಳ ಸಂಖ್ಯೆಯನ್ನು ಎಣಿಸಬೇಡಿ. ಅದನ್ನು ಎಣಿಸಿದರೆ ಅದೇ ಹೆಚ್ಚುತ್ತದೆ. ಹೇಳಿದ ದಿನದಿಂದ ಉತ್ತರ ಮುಟ್ಟಿದ ದಿನಕ್ಕೆ ಎಷ್ಟು ದಿನ, ತೆರೆದ ತಾಕು ಎಷ್ಟು, ಮುಗಿದು ಬರಹಕ್ಕೆ ಬಂದದ್ದು ಎಷ್ಟು, ಆರು ತಿಂಗಳ ಮೇಲೂ ಬಳಕೆಯಲ್ಲಿ ಉಳಿದದ್ದು ಎಷ್ಟು ಎಂಬ ನಾಲ್ಕನ್ನು ಎಣಿಸಿ.

ನಾಯಕರು ವರ್ಗವಾಗುತ್ತಾರೆ, ಬಡ್ತಿ ಪಡೆಯುತ್ತಾರೆ, ಬೇರೆ ಕೆಲಸಕ್ಕೆ ಹೋಗುತ್ತಾರೆ. ಹೊಸಬರು ಬಂದ ತಿಂಗಳಲ್ಲೇ ತಾಕುಗಳು ಬೀಳು ಬೀಳುವುದನ್ನು ನಾನು ಹಲವು ಕಡೆ ನೋಡಿದ್ದೇನೆ, ಏಕೆಂದರೆ ಯಾರಿಗೆ ಯಾವ ಉತ್ತರ ಬಾಕಿಯಿದೆ ಎಂಬುದು ಹೋದವರ ತಲೆಯಲ್ಲಷ್ಟೇ ಇರುತ್ತದೆ. ಅಧಿಕಾರ ಹಸ್ತಾಂತರಿಸುವ ದಿನ ಬೀಗದ ಕೈ, ಕಡತಗಳ ಜೊತೆ ತೊಡಕಿನ ವಹಿಯನ್ನೂ ಹೊಸಬರ ಕೈಗೆ ಕೊಡಿ. ಅದರಲ್ಲಿ ತೆರೆದಿರುವ ಪ್ರತಿ ಪ್ರಯೋಗದ ಎದುರು ಅದನ್ನು ನೋಡಿಕೊಳ್ಳುತ್ತಿರುವವರ ಹೆಸರು ಮತ್ತು ಅವರಿಗೆ ಉತ್ತರ ಕೊಡಬೇಕಾದ ದಿನಾಂಕ ಬರೆದಿರಲಿ, ಮತ್ತು ಆ ಹೆಸರಿನವರ ಬಳಿಗೆ ಹೊಸಬರನ್ನು ನೀವೇ ಕರೆದುಕೊಂಡು ಹೋಗಿ ಪರಿಚಯಿಸಿ.